ಅರ್ಧ ಸಾಕು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ಅದು ಸಂಬಳದ ಚೀಟಿ ಬಿಟ್ಟರೆ ಬೇರೆಲ್ಲೂ ಕಾಣಿಸಿಕೊಳ್ಳುತ್ತಿರಲಿಲ್ಲ. ಆಂಬ್ಯುಲೆನ್ಸಿನ ಕೆಲಸಕ್ಕೆ ಸೇರಿದ ಹೊಸತರಲ್ಲೇ ಜೊತೆಗಾರರು ಅವನಿಗೆ ಸಮಾಧಾನ ಎಂದು ಹೆಸರಿಟ್ಟುಬಿಟ್ಟರು. ಲಾರಿ ಮಗುಚಿರಲಿ, ಯಾರೋ ಮಹಡಿಯಿಂದ ಬಿದ್ದಿರಲಿ, ಮಗು ನಾಣ್ಯ ನುಂಗಿರಲಿ, ಗಾಡಿಯ ಹಿಂಬಾಗಿಲು ತೆಗೆದು ಇಳಿದವನೇ ಅವನು ಆಡುತ್ತಿದ್ದ ಮೊದಲ ಮಾತು "ಸಮಾಧಾನ, ಸಮಾಧಾನ, ಏನೂ ಆಗಿಲ್ಲ" ಅಂತ. ಆಗಿರುತ್ತಿದ್ದುದೇನೋ ಸಾಕಷ್ಟು. ಒಮ್ಮೆ ಕುಸಿದ ಗೋಡೆಯಡಿ ಕಾಲು ಸಿಕ್ಕಿಸಿಕೊಂಡಿದ್ದ ಮೇಸ್ತ್ರಿಯೊಬ್ಬ ಆ ನೋವಿನಲ್ಲೂ ತಲೆಯೆತ್ತಿ, "ಏನೂ ಆಗಿಲ್ಲ ಅಂದ್ಮೇಲೆ ನೀನ್ಯಾಕಪ್ಪ ಬಂದೆ?" ಎಂದು ಕೇಳಿದ್ದನಂತೆ. ಆ ಮಾತು ಇಡೀ ಇಲಾಖೆಯಲ್ಲಿ ಓಡಾಡಿತು. ಆದರೂ ಮೇಸ್ತ್ರಿ ಆಸ್ಪತ್ರೆ ಮುಟ್ಟುವವರೆಗೆ ಅವನ ಕೈ ಬಿಟ್ಟಿರಲಿಲ್ಲ ಎನ್ನುವುದನ್ನೂ ಸೇರಿಸಿ ಹೇಳಬೇಕು. ಆ ವಿಷಯದಲ್ಲಿ ಸಮಾಧಾನನದು ಎತ್ತಿದ ಕೈ.

ಅಂಥವನು ಈಗ ಬೀದಿಯ ಕೊನೆಯ ಎರಡಂತಸ್ತಿನ ಮನೆಯೊಂದರಲ್ಲಿ ತಾನೇ ರೋಗಿಯಾಗಿ ಮಲಗಿದ್ದ. ಚಟ ಬಿಡಿಸುವ ಆ ಮನೆಗೆ ಬೋರ್ಡು ಇರಲಿಲ್ಲ. ಬೇಕೆಂದೇ ಹಾಕಿರಲಿಲ್ಲ. ಒಳಗಿದ್ದವರೆಲ್ಲ ಸೈರನ್ ಹಾಕಿಕೊಂಡು ಇನ್ನೊಬ್ಬರ ಮನೆಬಾಗಿಲಿಗೆ ಓಡುವ ಜಾತಿಯವರು: ಬೆಂಕಿ ಆರಿಸುವವರು, ಆಂಬ್ಯುಲೆನ್ಸಿನವರು, ಪೊಲೀಸರು. ಊರಿನ ಕಷ್ಟಕ್ಕೆಲ್ಲ ಹೆಗಲು ಕೊಡುವ ಈ ಜನ ತಮ್ಮ ಕಷ್ಟ ಬಂದಾಗ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಯಾರಿಗೋ ಬಾಟಲಿ, ಯಾರಿಗೋ ನಿದ್ದೆಯ ಮಾತ್ರೆ, ಒಟ್ಟಿನಲ್ಲಿ ಎಲ್ಲರಿಗೂ ಒಂದೊಂದು ಗುಟ್ಟು. ಸಮಾಧಾನನಿಗೆ ಅಂಟಿಕೊಂಡಿದ್ದು ನೋವಿನ ಇಂಜೆಕ್ಷನ್.

ಶುರುವಾದದ್ದು ಬೆನ್ನಿನಿಂದ. ಇಕ್ಕಟ್ಟಾದ ಮೆಟ್ಟಿಲ ಮೇಲೆ ಭಾರೀ ಆಳೊಬ್ಬನನ್ನು ಕುರ್ಚಿಸಮೇತ ಇಳಿಸುವಾಗ ಸೊಂಟದ ಹತ್ತಿರ ಏನೋ ಕಳಕ್ಕೆಂದಿತು. ರಜೆ ಹಾಕಿದರೆ ಗಾಡಿಗೆ ಜನ ಇಲ್ಲ. ಮಾತ್ರೆ ನುಂಗಿ ಕೆಲಸಕ್ಕೆ ಹೋದ. ಮಾತ್ರೆ ಸಾಲದಾಯಿತು. ಗಾಡಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಯೊಳಗೆ ನೋವಿನ ಮದ್ದಿನ ಸೀಸೆಗಳಿದ್ದವು. ಒಂದು ಸೀಸೆ ಪೂರ್ತಿ ಬೇಕಾಗುವ ರೋಗಿ ಅಪರೂಪ. ಅರ್ಧವೋ ಮುಕ್ಕಾಲೋ ಕೊಟ್ಟ ಮೇಲೆ ಉಳಿದದ್ದನ್ನು ಜೊತೆಗಾರನ ಕಣ್ಣೆದುರೇ ಚೆಲ್ಲಬೇಕು, ಅವನು ನೋಡಿದೆ ಎನ್ನಬೇಕು, ಇದು ಕೆಲಸದ ಕಟ್ಟಳೆ. ಜೊತೆಗಾರ ಎಂದರೆ ಗಾಡಿ ಓಡಿಸುವವನು. ಹಿಂದಿನಿಂದ ಸಮಾಧಾನ "ಚೆಲ್ತಾ ಇದ್ದೀನಿ" ಅನ್ನುತ್ತಿದ್ದ. ಮುಂದಿನಿಂದ "ಆಯ್ತು ಆಯ್ತು, ನೋಡ್ದೆ" ಎಂಬ ಉತ್ತರ ಬರುತ್ತಿತ್ತು. ನೋಡಿದವನ ಕಣ್ಣು ರಸ್ತೆಯ ಮೇಲೆ, ಕುತ್ತಿಗೆ ನೆಟ್ಟಗೆ.

ತಿರುಗಿ ನೋಡದೆ ಇದ್ದುದಕ್ಕೆ ಕಾರಣವಿತ್ತು. ಗಾಡಿ ಓಡಿಸುತ್ತಿದ್ದವನು ಬೇರೆ ಯಾರೂ ಅಲ್ಲ, ಭಾವ. ಹೆಂಡತಿಯ ಸ್ವಂತ ಅಣ್ಣ. ಒಂದೇ ಗಾಡಿಯಲ್ಲಿ ಕೆಲಸ ಮಾಡುತ್ತ, ಹುಡುಗ ಬಂಗಾರದಂಥವನು ಎಂದು ಮನೆಯವರಿಗೆಲ್ಲ ಹೇಳಿ, ತಾನೇ ಮುಂದೆ ನಿಂತು ತಂಗಿಯನ್ನು ಕೊಟ್ಟು ಮದುವೆ ಮಾಡಿಸಿದ್ದ. ತಂಗಿಯನ್ನೇ ನಂಬಿ ಕೊಟ್ಟವನು ಒಂದು ಹನಿ ಮದ್ದಿಗೆ ಕುತ್ತಿಗೆ ತಿರುಗಿಸುತ್ತಾನೆಯೇ? ಬೇರೆ ಯಾವ ಕೆಲಸದಲ್ಲಾದರೂ ಅದು ದೊಡ್ಡ ಗುಣ ಅನ್ನಿಸಿಕೊಳ್ಳುತ್ತಿತ್ತು. ಈ ಕೆಲಸದಲ್ಲಿ ಅದೇ ಮುಳುವಾಯಿತು.

ಕೊನೆಗೆ ಹಿಡಿದುಕೊಟ್ಟವನೂ ಭಾವನೇ. ಸೊಂಟ ಮುರಿದುಕೊಂಡ ಅಜ್ಜಿಯೊಬ್ಬಳನ್ನು ಕರೆದೊಯ್ಯುವಾಗ ದಾರಿಯುದ್ದಕ್ಕೂ ಅವಳು ಕೂಗುತ್ತಲೇ ಇದ್ದಳು. ಮದ್ದು ಕೊಟ್ಟ ಮೇಲೆ ಯಾರೂ ಹಾಗೆ ಕೂಗುವುದಿಲ್ಲ ಎನ್ನುವುದು ಅಷ್ಟು ವರ್ಷ ಸ್ಟೇರಿಂಗ್ ಹಿಡಿದವನಿಗೆ ಗೊತ್ತಿರುವುದಿಲ್ಲವೇ? ಆಸ್ಪತ್ರೆಯಲ್ಲಿ ಅಜ್ಜಿಯನ್ನು ಇಳಿಸಿದ ಮೇಲೆ ಭಾವ ಸಮಾಧಾನನ ಹತ್ತಿರ ಒಂದು ಮಾತೂ ಆಡಲಿಲ್ಲ. ನೆಟ್ಟಗೆ ಅಧಿಕಾರಿಯ ಕೋಣೆಗೆ ಹೋದ. ಕೆಲಸದಿಂದ ತೆಗೆಯುವ ಬದಲು ಚಿಕಿತ್ಸೆಗೆ ಕಳಿಸಿ ಎಂದು ಕೈಮುಗಿದು ಕೇಳಿಕೊಂಡವನೂ ಅವನೇ. ಆದರೆ ಸಮಾಧಾನನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ.

'ನನ್ನ ಹತ್ರ ಒಂದು ಮಾತು ಕೇಳಬಹುದಿತ್ತಲ್ಲ' ಎನ್ನುವುದೊಂದೇ ಅವನ ತಲೆಯಲ್ಲಿ ಕೊರೆಯುತ್ತಿತ್ತು. ಭೇಟಿಯ ದಿನ ಬಂತೆಂದರೆ ಭಾವ ತಪ್ಪದೆ ಬರುತ್ತಿದ್ದ. ಕೆಳಗೆ ಜಗಲಿಯ ಬೆಂಚಿನ ಮೇಲೆ ಕಿತ್ತಳೆಯ ಚೀಲ ಇಟ್ಟುಕೊಂಡು ಕೂರುತ್ತಿದ್ದ. ಸಮಾಧಾನ ಮೇಲಿನಿಂದ ಇಳಿದು ಬರುತ್ತಿರಲಿಲ್ಲ. ಹೊತ್ತು ಮುಗಿದ ಮೇಲೆ ಭಾವ ಕಿತ್ತಳೆಯನ್ನು ಅಡುಗೆಯವಳಿಗೆ ಕೊಟ್ಟು ಹೋಗುತ್ತಿದ್ದ. ಆ ಮನೆಯಲ್ಲಿ ಎಲ್ಲರೂ ಆ ಹಣ್ಣು ತಿಂದಿದ್ದರು, ಸಮಾಧಾನ ಒಬ್ಬನನ್ನು ಬಿಟ್ಟು.

ಅದೊಂದು ಬಿಟ್ಟರೆ ಅವನಷ್ಟು ಒಳ್ಳೆಯ ರೋಗಿಯನ್ನು ಆ ಮನೆ ಕಂಡಿರಲಿಲ್ಲ. ಮೈ ನಡುಗಿ ಬೆವರಿ ವಾಂತಿಯಾದ ಮೊದಲ ದಿನಗಳನ್ನು ಹಲ್ಲು ಕಚ್ಚಿ ಕಳೆದ. ಎದ್ದು ಓಡಾಡುವಂತಾದದ್ದೇ ತಡ, ಕಾಲಿಗೆ ಚಕ್ರ ಕಟ್ಟಿಕೊಂಡವನಂತಾದ. ಅಡುಗೆಯವಳು ಬೆರಳು ಕೊಯ್ದುಕೊಂಡರೆ ಪಟ್ಟಿ ಕಟ್ಟುವವನು ಅವನು. ಗೇಟಿನ ಕಾವಲುಗಾರನಿಗೆ ಪದೇಪದೇ ಬಾಯಾರುತ್ತದೆ ಎಂದು ತಿಳಿದು ಸಕ್ಕರೆ ಪರೀಕ್ಷೆ ಮಾಡಿಸಿದವನು ಅವನು. ಸಂಜೆ ಎಲ್ಲರೂ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂತು ಅವರವರ ಕಥೆ ಹೇಳಿಕೊಳ್ಳುವ ಕ್ರಮವಿತ್ತು. ಅಲ್ಲಿ ಯಾರಾದರೂ ಅತ್ತರೆ ಮೊದಲು ಎದ್ದು ಹೋಗಿ ಹೆಗಲ ಮೇಲೆ ಕೈಯಿಡುವವನೂ ಅವನೇ. ತನ್ನ ಸರದಿ ಬಂದಾಗ ಮಾತ್ರ ಎರಡು ಮಾತಿನಲ್ಲಿ ಮುಗಿಸುತ್ತಿದ್ದ: "ಚೆಲ್ಲೋ ಮದ್ದು, ಚೆಲ್ಲೋ ಬದಲು ತಗೊಂಡೆ. ಯಾರಿಗೂ ತೊಂದ್ರೆ ಆಗ್ಲಿಲ್ಲ, ನನಗೇ ಆಯ್ತು." ಅಜ್ಜಿಯ ವಿಷಯ ಅವನ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಆ ಮನೆಯನ್ನು ನಡೆಸುತ್ತಿದ್ದ ಡಾಕ್ಟರಮ್ಮನಿಗೆ ಇದು ಕಣ್ಣಿಗೆ ಬೀಳದೆ ಇರಲಿಲ್ಲ. ನರೆತ ಕೂದಲಿನ, ಮಾತು ಕಡಿಮೆಯ ಹೆಂಗಸು. ಒಂದು ದಿನ ಅವನು ಯಾರದೋ ಹಾಸಿಗೆಯ ಚಾದರ ಬದಲಿಸುತ್ತಿದ್ದಾಗ ಬಾಗಿಲಲ್ಲಿ ನಿಂತು, "ನೀವು ಇಲ್ಲಿಗೆ ಬಂದಿರೋದು ಯಾವ ಕೆಲಸಕ್ಕೆ?" ಎಂದು ಕೇಳಿದರು.

"ಚಿಕಿತ್ಸೆಗೆ, ಡಾಕ್ಟ್ರೇ."

"ಹಾಗನ್ನಿಸ್ತಿಲ್ಲ. ನೀವಿನ್ನೂ ಡ್ಯೂಟಿಯಿಂದ ಇಳಿದೇ ಇಲ್ಲ," ಎಂದು ಅವರು ಹೊರಟುಹೋದರು. ಸಮಾಧಾನ ಅದನ್ನು ಹೊಗಳಿಕೆ ಎಂದುಕೊಂಡ. ಏನು ಮಾಡುವುದು, ಅವನಿಗೆ ಕೆಲಸದ ವಿಷಯದಲ್ಲಿ ಬೈಸಿಕೊಂಡು ಅಭ್ಯಾಸವಿರಲಿಲ್ಲ.

ಅವನಿಗೆ ಬೇಕಾಗಿದ್ದುದು ಒಂದೇ. ಮನೆಗೆ ಹೋಗಬೇಕು. ಹೆಂಡತಿ ಫೋನಿನಲ್ಲಿ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು: "ಡಾಕ್ಟರಮ್ಮ ಕಳಿಸಿದ ದಿನ ಬನ್ನಿ, ಬಾಗಿಲಲ್ಲೇ ನಿಂತಿರ್ತೀನಿ. ಅವರು ಕಳಿಸೋ ಮೊದಲು ಬಂದ್ರೆ ಬಾಗಿಲು ತೆಗೆಯಲ್ಲ ರೀ." ಅವಳು ಗಟ್ಟಿಗಿತ್ತಿ, ತೆಗೆಯಲ್ಲ ಎಂದರೆ ತೆಗೆಯುವವಳಲ್ಲ. ಹಾಗಾಗಿ ಎಲ್ಲವೂ ಡಾಕ್ಟರಮ್ಮನ ಒಂದು ಮಾತಿನ ಮೇಲೆ ನಿಂತಿತ್ತು. ಉಳಿದ ಚಿಕಿತ್ಸೆಗೆ ಮನೆಯಿಂದಲೇ ಬಂದು ಹೋಗುತ್ತೇನೆ, ಬಿಟ್ಟುಬಿಡಿ ಎಂದು ಅವನು ಕೇಳಿದ್ದ. ಭೇಟಿಯ ದಿನ ಮಧ್ಯಾಹ್ನ ಹೇಳುತ್ತೇನೆ ಎಂದು ಅವರು ಅಂದಿದ್ದರು.

ಆ ಮಧ್ಯಾಹ್ನ ಊಟವಾದ ಮೇಲೆ ಸಮಾಧಾನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದ. ಪಕ್ಕದ ಮಂಚದಲ್ಲಿ ಏಣಿ ಎಂಬ ಅಡ್ಡಹೆಸರಿನವನು ಮಲಗಿದ್ದ. ಬೆಂಕಿ ಆರಿಸುವವರ ಪೈಕಿ ಅವನು, ಮಂಚದಿಂದ ಪಾದ ಹೊರಗೆ ಚಾಚುವಷ್ಟು ಉದ್ದ, ಆ ಹೆಸರಿಗೆ ಬೇರೆ ಕಾರಣ ಬೇಕಿರಲಿಲ್ಲ. ಮೊನ್ನೆ ತಾನೇ ಬಂದಿದ್ದ. ವರ್ಷಗಟ್ಟಲೆಯ ಕುಡಿತ ಒಮ್ಮೆಲೇ ನಿಂತು ಅವನ ಕೈಬೆರಳುಗಳು ಹೊದಿಕೆಯ ಮೇಲೆ ತಮ್ಮ ಪಾಡಿಗೆ ಕುಣಿಯುತ್ತಿದ್ದವು.

"ಹೊರಟ್ಯಾ?" ಎಂದ ಏಣಿ.

"ಡಾಕ್ಟರಮ್ಮ ಹ್ಞೂಂ ಅಂದ್ರೆ."

"ನಿನ್ನಂಥೋರು ಹೊರಟ್ಮೇಲೆ ನಮ್ಮನ್ನ ನೋಡ್ಕೊಳ್ಳೋರು ಯಾರು? ನೀನು ಪೇಷಂಟೋ ಸಿಬ್ಬಂದಿಯೋ ಅಂತ ನಂಗಿನ್ನೂ ಗೊತ್ತಾಗಿಲ್ಲ."

ಸಮಾಧಾನ ನಕ್ಕ. ಚೀಲದ ಜಿಪ್ಪು ಎಳೆಯುತ್ತಿದ್ದಾಗ ಹಿಂದಿನಿಂದ ಒಂದು ಥರದ ಸದ್ದು ಬಂತು. ತಿರುಗುವ ಮೊದಲೇ ಅದೇನೆಂದು ಅವನಿಗೆ ಗೊತ್ತಾಗಿತ್ತು. ಏಣಿಯ ಮೈ ಬಿಲ್ಲಿನಂತೆ ಸೆಟೆದು, ಕಣ್ಣು ಮೇಲಕ್ಕೆ ಹೋಗಿ, ಕೈಕಾಲು ಬಡಿಯತೊಡಗಿದ್ದವು. ಫಿಟ್ಸ್.

ಮುಂದಿನದೆಲ್ಲ ಸಮಾಧಾನನಿಗೆ ನೀರು ಕುಡಿದಷ್ಟು ಸುಲಭ. ಮಂಚದಿಂದ ಬೀಳದಂತೆ ತಡೆದು ಏಣಿಯನ್ನು ಪಕ್ಕಕ್ಕೆ ಹೊರಳಿಸಿದ, ತಲೆಯಡಿ ದಿಂಬು ತಳ್ಳಿದ, ಹತ್ತಿರದ ಕುರ್ಚಿಯನ್ನು ಕಾಲಿನಿಂದಲೇ ಸರಿಸಿದ, "ಸಿಸ್ಟರ್" ಎಂದು ಕೂಗಿದ. ಬಂದವಳು ಹೊಸ ಸಿಸ್ಟರ್. ಕೆಲಸಕ್ಕೆ ಸೇರಿ ಸ್ವಲ್ಪ ದಿನವಾಗಿತ್ತಷ್ಟೆ. ಔಷಧದ ಟ್ರೇ ಹಿಡಿದು ಓಡಿ ಬಂದಳೇನೋ ಸರಿ, ಆದರೆ ಏಣಿಯ ಫಿಟ್ಸ್ ನಿಲ್ಲುವ ಲಕ್ಷಣ ಕಾಣದೆ ಅವಳ ಕೈ ಏಣಿಯ ಕೈಗಿಂತ ಹೆಚ್ಚು ನಡುಗತೊಡಗಿತು. ಗಾಜಿನ ಸೀಸೆಯ ಕತ್ತು ಮುರಿದಳು, ಸಿರಿಂಜಿನ ತುದಿ ಅದರೊಳಗೆ ಹೋಗಲೊಲ್ಲದು.

"ಸಮಾಧಾನ, ಸಿಸ್ಟರ್. ಇಲ್ಲಿ ಕೊಡಿ," ಎಂದು ಅವನು ಕೈ ಚಾಚಿದ.

ಅವಳು ಕೊಟ್ಟುಬಿಟ್ಟಳು. ಪಾಪ, ಅವಳದೇನು ತಪ್ಪು? ಅಷ್ಟು ತಣ್ಣಗೆ ಕೈ ಚಾಚಿದವನಿಗೆ ಯಾರಾದರೂ ಕೊಡುತ್ತಿದ್ದರು. ಬಂದ ದಿನದಿಂದ ಆ ಮನೆಯಲ್ಲಿ ಅವನು ಪಟ್ಟಿ ಕಟ್ಟುವುದನ್ನೂ ನಾಡಿ ಹಿಡಿಯುವುದನ್ನೂ ನೋಡಿದವಳಿಗೆ ಅವನು ಯಾರು, ಇಲ್ಲಿ ಯಾಕಿದ್ದಾನೆ ಎನ್ನುವುದು ಆ ಗಳಿಗೆಯಲ್ಲಿ ನೆನಪಿಗೇ ಬರಲಿಲ್ಲ.

ಸಮಾಧಾನ ಸೀಸೆಯಲ್ಲಿದ್ದುದನ್ನೆಲ್ಲ ಸಿರಿಂಜಿಗೆ ಎಳೆದ. "ಅರ್ಧ ಸಾಕು," ಎಂದ. ಏಣಿಯ ಮೊಣಕೈಯನ್ನು ತನ್ನ ಮೊಣಕಾಲಿನಡಿ ಒತ್ತಿ ಹಿಡಿದು, ನರ ಹುಡುಕಿ, ನಿಧಾನವಾಗಿ ಅರ್ಧ ಇಳಿಸಿದ. ಬಡಿತ ಕಡಿಮೆಯಾಯಿತು, ಮೈ ಸಡಿಲವಾಯಿತು, ಏಣಿ ದೊಡ್ಡದಾಗಿ ಉಸಿರೆಳೆದು ಗೊರಕೆ ಹೊಡೆಯತೊಡಗಿದ. ಸಿಸ್ಟರ್ ಗೋಡೆಗೆ ಒರಗಿ ಕೂತುಬಿಟ್ಟಳು. ಸಮಾಧಾನ ಸೂಜಿಗೆ ಮುಚ್ಚಳ ಹಾಕಿ, ಉಳಿದರ್ಧ ತುಂಬಿದ್ದ ಸಿರಿಂಜನ್ನು ಪ್ಯಾಂಟಿನ ಜೇಬಿಗೆ ಇಳಿಸಿಕೊಂಡ. ಓಡುವ ಗಾಡಿಯಲ್ಲಿ ಕೆಳಗಿಟ್ಟರೆ ಉರುಳುತ್ತದೆ, ಫಿಟ್ಸ್ ಮತ್ತೆ ಬಂದರೆ ಕೈಗೆ ಸಿಗಬೇಕು, ಹಾಗಾಗಿ ಜೇಬು. ಅಷ್ಟು ವರ್ಷಗಳಿಂದ ಕೈ ಕಲಿತ ಪಾಠ. ಇಲ್ಲಿ ನೆಲ ಓಡುತ್ತಿರಲಿಲ್ಲ ಎನ್ನುವುದನ್ನು ಕೈ ಯೋಚಿಸಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಮದ್ದು ಇಳಿಸುವುದನ್ನು ಅವರು ಬಾಗಿಲಿನಿಂದಲೇ ನೋಡಿದ್ದರು, ಆಮೇಲೆ ಅವರ ಕಣ್ಣೆಲ್ಲ ಏಣಿಯ ಮೇಲಿತ್ತು. ಏಣಿಯ ಕಣ್ಣು ಬಿಡಿಸಿ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು, ಸಿಸ್ಟರಿಗೆ ಅವನ ಪಕ್ಕದಲ್ಲೇ ಕೂತಿರಲು ಹೇಳಿದರು. ಆಮೇಲೆ ಸಮಾಧಾನನನ್ನು ಹೊರಗಿನ ಪಡಸಾಲೆಗೆ ಕರೆದರು.

"ನಿಮಗೆ ಇವತ್ತು ಬೇಡ ಅಂತ ಹೇಳೋಣ ಅಂತಿದ್ದೆ," ಎಂದರು. "ಇನ್ನೊಂದಷ್ಟು ದಿನ ಇರಿ ಅಂತ. ಆದ್ರೆ ಈಗ ಕಣ್ಣಾರೆ ನೋಡಿದೆ. ಕೈ ನಡುಗಲಿಲ್ಲ, ಮದ್ದು ಕೈಗೆ ಬಂದ್ರೂ ಮನಸ್ಸು ಆಚೀಚೆ ಆಗಲಿಲ್ಲ. ಹೋಗಿ. ನಿಮ್ಮ ಭಾವ ಕೆಳಗಿದ್ದಾರೆ, ಅವರ ಜೊತೆನೇ ಹೊರಡಿ. ವಾರಕ್ಕೊಂದು ಸಲ ಬಂದು ಕಾಣಿ."

ಸಮಾಧಾನ ತಲೆಯಾಡಿಸಿದ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಡಾಕ್ಟರಮ್ಮ ಆಫೀಸಿನ ಕಡೆ ಇಳಿದು ಹೋದರು. ಅವನು ಚೀಲ ತರಲು ಕೋಣೆಯತ್ತ ತಿರುಗಿದ. ಆಗ ತೊಡೆಗೆ ಗಟ್ಟಿಯಾದದ್ದೇನೋ ತಾಗಿತು.

ಜೇಬಿನ ಮೇಲೆ ಬಟ್ಟೆಯ ಮೇಲಿಂದಲೇ ಕೈಯಿಟ್ಟು ನೋಡಿದ. ಇತ್ತು. ಯಾರೂ ಕೇಳಿರಲಿಲ್ಲ. ಸಿಸ್ಟರ್ ಕೇಳಲಿಲ್ಲ, ಡಾಕ್ಟರಮ್ಮ ಕೇಳಲಿಲ್ಲ. ಅದು ಅವನ ಹಳೆಯ ಮದ್ದಲ್ಲ, ಆದರೆ ಅದೂ ಮಂಪರು ತರುವಂಥದ್ದೇ. ಏನು ಮಾಡುತ್ತದೆ, ಎಷ್ಟು ಹೊತ್ತಿಗೆ ಮಾಡುತ್ತದೆ ಎನ್ನುವುದು ಅವನಿಗೆ ಬಾಯಿಪಾಠ. ಬಾಯಿಯಲ್ಲಿ ನೀರೂರಿತು. ಊಟ ಕಂಡವನಿಗೆ ಊರುವ ಹಾಗೆ, ನಾಚಿಕೆಯಿಲ್ಲದೆ.

ಬಚ್ಚಲಮನೆ ಪಡಸಾಲೆಯ ಕೊನೆಯಲ್ಲಿತ್ತು. ಅವನು ಒಳಗೆ ಹೋಗಿ ಚಿಲಕ ಹಾಕಿಕೊಂಡು ನಿಂತ. ಚೆಲ್ಲಿಬಿಡೋಣ ಎಂದುಕೊಂಡ. ಅದೇನು ದೊಡ್ಡ ಕೆಲಸ? ಒತ್ತಿದರೆ ಆಯಿತು, ನೀರು ಹಾಕಿದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ, ಸಂಜೆಗೆ ಮನೆ ಸೇರುತ್ತಾನೆ, ಹೆಂಡತಿ ಬಾಗಿಲಲ್ಲಿ ನಿಂತಿರುತ್ತಾಳೆ. ಸಿರಿಂಜನ್ನು ಜೇಬಿನಿಂದ ತೆಗೆಯಲು ಹೋದ. ಕೈ ಜೇಬಿನೊಳಗೇ ನಿಂತಿತು. ಹೊರಗೆ ತೆಗೆದರೆ ಚೆಲ್ಲುವುದಿಲ್ಲ ಎನ್ನುವುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಎಷ್ಟು ಸಲ 'ಚೆಲ್ತಾ ಇದ್ದೀನಿ' ಅಂದಿದ್ದನೋ ಅಷ್ಟು ಸಲವೂ, ಆ ಮಾತು ಆಡುವಾಗ, ಅವನಿಗೆ ನಿಜವಾಗಿಯೂ ಚೆಲ್ಲುವ ಮನಸ್ಸೇ ಇರುತ್ತಿತ್ತು.

ಹಾಗೆ ನಿಂತಿದ್ದಾಗ ಇನ್ನೊಂದು ಯೋಚನೆ ಬಂತು. ಅವನು ಬರಿಗೈಯನ್ನು ಜೇಬಿನಿಂದ ಹೊರಗೆಳೆದ.

ಅರ್ಧ ಸಾಕು ಎಂದು ಹೇಳಿದ್ದು ಯಾರು?

ಏಣಿ ಆಳೆತ್ತರಕ್ಕೂ ಮೀರಿದ ಮನುಷ್ಯ. ವರ್ಷಗಳಿಂದ ಕುಡಿದು ಮೈ ಮದ್ದಿಗೆ ಜಗ್ಗದ ಹಾಗಾಗಿರುತ್ತದೆ. ಅವನಿಗೆ ಅರ್ಧ ಸಾಕೆಂದು ಲೆಕ್ಕ ಹಾಕಿದ್ದು ತಾನೋ, ಇಲ್ಲ ಅರ್ಧ ಉಳಿಯಲಿ ಎಂದು ಕಾದಿದ್ದ ತನ್ನೊಳಗಿನ ಇನ್ನೊಬ್ಬನೋ? ಸೀಸೆ ಕೈಗೆ ಬಂದ ಗಳಿಗೆಯಲ್ಲಿ ತಾನು ಏನು ಯೋಚಿಸಿದೆ ಎಂದು ನೆನಪಿಸಿಕೊಳ್ಳಲು ನೋಡಿದ. ಏನೂ ನೆನಪಾಗಲಿಲ್ಲ. ಮಾತು ಬಾಯಿಂದ ತಾನಾಗಿಯೇ ಬಂದಿತ್ತು. ಅಜ್ಜಿಯ ದಿನವೂ ಹೀಗೇ ಬಂದಿತ್ತು. 'ವಯಸ್ಸಾದವರು, ಕಾಲು ಭಾಗ ಸಾಕು' ಅಂದಿದ್ದ. ಎಷ್ಟು ನ್ಯಾಯವಾಗಿ ಕೇಳಿಸಿತ್ತು ಆ ಮಾತು. ಅಜ್ಜಿ ಅವನ ತೋಳು ಹಿಡಿದು, "ಮಗಾ, ಇನ್ನೂ ನೋಯ್ತದೆ ಕಣೋ," ಎನ್ನುತ್ತಿದ್ದಳು. ಅವನು "ಸಮಾಧಾನ ಅಜ್ಜಿ, ಏನೂ ಆಗಿಲ್ಲ," ಎನ್ನುತ್ತಿದ್ದ. ಮುಕ್ಕಾಲು ಭಾಗ ಅವನ ಜೇಬಿನಲ್ಲಿತ್ತು.

ಈಗ ಏಣಿಗೆ ಫಿಟ್ಸ್ ಮತ್ತೆ ಬಂದರೆ, ಸಿಸ್ಟರ್ ನಡುಗುವ ಕೈಯಲ್ಲಿ ಎರಡನೆಯ ಸೀಸೆ ಒಡೆಯುವವರೆಗೆ ಅವನ ಗತಿಯೇನು?

ಅವನು ಚಿಲಕ ತೆಗೆದು ಹೊರಗೆ ಬಂದ. ಕೋಣೆಗೆ ಇಣುಕಿದ. ಏಣಿ ಗೊರಕೆ ಹೊಡೆಯುತ್ತಿದ್ದ. ಸಿಸ್ಟರ್ ಅವನನ್ನು ಕಂಡು ಕೃತಜ್ಞತೆಯಿಂದ ನಕ್ಕಳು. ಆ ನಗು ಅವನಿಗೆ ಮುಖಕ್ಕೆ ಹೊಡೆದಂತೆ ತಾಗಿತು. ಡಾಕ್ಟರಮ್ಮನ ಹತ್ತಿರ ಹೋಗೋಣ ಎಂದು ಮೆಟ್ಟಿಲು ಇಳಿದ. ಆಫೀಸಿನ ಬಾಗಿಲು ಎಡಕ್ಕೆ, ಜಗಲಿ ಬಲಕ್ಕೆ. ಆಫೀಸಿನಲ್ಲಿ ಹೇಳಿದರೆ ಮಾತು ಎಲ್ಲಿಂದ ಶುರುಮಾಡುತ್ತೇನೆ, ಎಷ್ಟು ಚೆನ್ನಾಗಿ ಜೋಡಿಸುತ್ತೇನೆ ಎನ್ನುವುದು ಅವನಿಗೆ ಗೊತ್ತಿತ್ತು. ಕೊನೆಗೆ ಡಾಕ್ಟರಮ್ಮನನ್ನೇ ಸಮಾಧಾನ ಮಾಡಿ ಎದ್ದು ಬಂದುಬಿಡುತ್ತಾನೆ. ಅವನು ಬಲಕ್ಕೆ ತಿರುಗಿದ.

ಭಾವ ಬೆಂಚಿನ ಮೇಲೆ ಕೂತಿದ್ದ. ಸಮಾಧಾನನನ್ನು ಕಂಡು ಗಡಬಡಿಸಿ ಎದ್ದ, ಮತ್ತೆ ಕೂತ, ಕಿತ್ತಳೆಯ ಚೀಲವನ್ನು ಆಚೆ ಸರಿಸಿ ಜಾಗ ಮಾಡಿದ.

"ಬಂದ್ಯಾ," ಎಂದ. "ಡಾಕ್ಟರಮ್ಮ ಈಗ ತಾನೇ ಹೇಳಿದ್ರು. ತಂಗಿಗೆ ಫೋನ್ ಮಾಡಿ ಹೇಳೇಬಿಟ್ಟೆ ಕಣೋ, ಕರ್ಕೊಂಡು ಬರ್ತೀನಿ ಅಂತ. ಗಾಡಿ ಆಚೆ ಬೀದಿಲಿ ನಿಲ್ಲಿಸಿದ್ದೀನಿ, ಇಲ್ಲಿ ನೆರಳಿರಲಿಲ್ಲ." ಮಾತು ನಿಲ್ಲಿಸಿದರೆ ಸಮಾಧಾನ ಎದ್ದು ಹೋಗಿಬಿಡುತ್ತಾನೆ ಎಂಬ ಹೆದರಿಕೆಯಲ್ಲಿ ಭಾವ ಟಯರಿನ ವಿಷಯ, ಮನೆಯ ನಲ್ಲಿ ಸೋರುವ ವಿಷಯ, ತನ್ನ ಹಲ್ಲುನೋವಿನ ವಿಷಯ ಎಲ್ಲವನ್ನೂ ಒಂದರ ಹಿಂದೊಂದು ಹೇಳಿದ. ಸಮಾಧಾನ ಅವನ ಪಕ್ಕದಲ್ಲಿ ಕೂತು, ಎರಡು ಕೈಯನ್ನೂ ಬೆಂಚಿನ ಅಂಚಿಗೆ ಬಿಗಿಯಾಗಿ ಹಿಡಿದುಕೊಂಡಿದ್ದ.

"ಭಾವ," ಎಂದ.

"ಹೇಳು."

"ನನ್ನ ಬಲಗಡೆ ಜೇಬಿಗೆ ಕೈ ಹಾಕು."

"ಯಾಕೋ?"

"ಅದರಲ್ಲಿರೋದನ್ನ ತಗೋ. ನಾನೇ ತೆಗೆದ್ರೆ ನಿನಗೆ ಕೊಡಲ್ಲ. ಬೇಗ ತಗೋ."

ಭಾವನ ಮುಖ ಬಿಳಿಚಿಕೊಂಡಿತು. ಸ್ಟೇರಿಂಗ್ ಹಿಡಿದು ಒರಟಾದ ಆ ದೊಡ್ಡ ಕೈಯನ್ನು ಕಳ್ಳನ ಹಾಗೆ ಸಂಕೋಚದಿಂದ ಜೇಬಿನೊಳಗೆ ಇಳಿಸಿ ಸಿರಿಂಜನ್ನು ಹೊರಗೆ ತೆಗೆದ. ಸಮಾಧಾನನ ಬಲಗೈ ಬೆಂಚು ಬಿಟ್ಟು ಮೇಲೆದ್ದಿತು, ಸಿರಿಂಜಿನ ಕಡೆಗೆ. ಭಾವ ತನ್ನ ಎಡಗೈಯಿಂದ ಆ ಮಣಿಕಟ್ಟನ್ನು ಹಿಡಿದು ಕೆಳಗೆ ಒತ್ತಿದ. ಬಿಡಲಿಲ್ಲ.

"ಡಾಕ್ಟ್ರೇ," ಎಂದು ಕೂಗಿದ. "ಡಾಕ್ಟ್ರೇ, ಸ್ವಲ್ಪ ಬನ್ನಿ."

ಡಾಕ್ಟರಮ್ಮ ಬಂದು ಭಾವನ ಕೈಯಲ್ಲಿದ್ದುದನ್ನು ನೋಡಿದರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಸಿರಿಂಜನ್ನು ಈಸಿಕೊಂಡು ಬೆಳಕಿಗೆ ಹಿಡಿದರು. ಮೆಟ್ಟಿಲ ಬುಡದಿಂದ ಸಿಸ್ಟರನ್ನು ಕೂಗಿ ಏಣಿ ಹೇಗಿದ್ದಾನೆಂದು ಕೇಳಿದರು. ನಿದ್ದೆ ಮಾಡುತ್ತಿದ್ದಾನೆ, ಉಸಿರಾಟ ಸರಿಯಿದೆ ಎಂಬ ಉತ್ತರ ಬಂತು. ಆಮೇಲೆ ಅವರು ಕುರ್ಚಿಯೊಂದನ್ನು ಎಳೆದು ಸಮಾಧಾನನ ಎದುರು ಕೂತರು.

"ಅರ್ಧ ಸಾಕು ಅಂತ ಯಾಕೆ ಕೊಟ್ರಿ?"

"ಗೊತ್ತಿಲ್ಲ."

"ನಾನಿದ್ದಿದ್ರೂ ಮೊದಲು ಅಷ್ಟೇ ಕೊಡ್ತಿದ್ದೆ. ಸರಿಯಾಗೇ ಇದೆ."

"ನೀವು ಅವನಿಗೋಸ್ಕರ ಕೊಡ್ತಿದ್ರಿ," ಎಂದ ಸಮಾಧಾನ. "ನಾನು ಯಾರಿಗೋಸ್ಕರ ಕೊಟ್ಟೆ ಅಂತ ನನಗೇ ಗೊತ್ತಿಲ್ಲ ಡಾಕ್ಟ್ರೇ. ಅಜ್ಜಿಗೂ ಹಾಗೇ ಮಾಡಿದ್ದೆ. ಚೆಲ್ಲೋದನ್ನ ತಗೊಂಡೆ ಅಂತ ಇಲ್ಲಿ ಎಲ್ಲರ ಮುಂದೆ ಹೇಳಿದ್ದೆನಲ್ಲ, ಅದು ಸುಳ್ಳು. ಮೊದಮೊದಲು ಚೆಲ್ಲೋದು. ಆಮೇಲೆ ಅವರಿಗೆ ಸೇರಬೇಕಾದ್ದು. ಅಜ್ಜಿ ನೋಯ್ತದೆ ಅಂತಿದ್ಲು. ನಾನು ಏನೂ ಆಗಿಲ್ಲ ಅಂತಿದ್ದೆ."

ಭಾವ ಅವನ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. "ನಂಗೆ ಕೇಳಿಸ್ತಿತ್ತು," ಎಂದ, ನೆಲ ನೋಡುತ್ತ. "ಅದಕ್ಕೂ ಮುಂಚೆನೇ ತಿರುಗಿ ನೋಡ್ಬೇಕಿತ್ತು. ಒಂದು ಸಲನಾದ್ರೂ."

ಅಷ್ಟರಲ್ಲಿ ಅಡುಗೆಯವಳನ್ನು ಏಣಿಯ ಹತ್ತಿರ ಕೂರಿಸಿ ಸಿಸ್ಟರ್ ಕೆಳಗೆ ಬಂದಿದ್ದಳು. ಸಿರಿಂಜ್ ಕಂಡದ್ದೇ ಅವಳ ಕಣ್ಣು ತುಂಬಿತು. ಸಮಾಧಾನ ಅಭ್ಯಾಸಬಲದಿಂದ ಅವಳ ಕಡೆ ತಿರುಗಿ, "ಸಿಸ್ಟರ್, ನಿಮ್ಮದೇನೂ..." ಎಂದು ಶುರುಮಾಡಿದ.

"ಅವಳನ್ನ ನಾನು ನೋಡ್ಕೋತೀನಿ," ಎಂದರು ಡಾಕ್ಟರಮ್ಮ. "ಅದು ನನ್ನ ಕೆಲಸ. ಮದ್ದು ನಿಮ್ಮ ಕೈಗೆ ಹೋಗಿದ್ದನ್ನ ನೋಡಿಯೂ ವಾಪಸ್ ಕೇಳದೆ ಇದ್ದಿದ್ದು ನನ್ನ ತಪ್ಪು. ನಿಮ್ಮ ಕೈಚಳಕ ನೋಡಿ ಮರುಳಾದೆ. ನೀವು ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂರುವುದು ಅವನಿಗೆ ಬರುತ್ತಿರಲಿಲ್ಲ. ಕೂತ. ಅವನು ಅತ್ತ. ಚೆನ್ನಾಗಿ ಅಳುವುದೂ ಅವನಿಗೆ ಗೊತ್ತಿರಲಿಲ್ಲ, ಕೆಮ್ಮಿನ ಹಾಗೆ ತುಂಡುತುಂಡಾಗಿ ಬಂತು. ಭಾವನಿಗೆ ಸಮಾಧಾನ ಹೇಳುವ ವಿದ್ಯೆ ಮೊದಲಿನಿಂದಲೂ ಇಲ್ಲ. ಅವನು ಮಣಿಕಟ್ಟು ಹಿಡಿದೇ ಪಕ್ಕದಲ್ಲಿ ಕೂತಿದ್ದ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು.

ಅಳು ಒಂದು ಹದಕ್ಕೆ ಬಂದ ಮೇಲೆ ಡಾಕ್ಟರಮ್ಮ ಎದ್ದರು. "ಇವತ್ತು ಕಳಿಸೋಕಾಗಲ್ಲ," ಎಂದರು.

"ಗೊತ್ತು."

"ಎಷ್ಟು ದಿನ ಅಂತಲೂ ಹೇಳಲ್ಲ."

"ಹೇಳ್ಬೇಡಿ," ಎಂದ ಅವನು.

ಅವರು ಸಿಸ್ಟರನ್ನು ಕರೆದುಕೊಂಡು ಒಳಗೆ ಹೋದರು. ಭಾವ ಜೇಬಿನಿಂದ ಫೋನ್ ತೆಗೆದು ಅದನ್ನು ಮೇಲೆ ಕೆಳಗೆ ಮಾಡುತ್ತ ಕೂತ. "ತಂಗಿ ಕಾಯ್ತಿರ್ತಾಳೆ," ಎಂದ. "ಏನ್ ಹೇಳ್ಲಿ? ಗಾಡಿ ಕೆಟ್ಟಿದೆ ಅನ್ಲಾ? ಡಾಕ್ಟರಮ್ಮ ಊರಲ್ಲಿಲ್ಲ ಅಂತೀನಿ ಬೇಕಾದ್ರೆ. ನೀನೇನೂ ಯೋಚ್ನೆ ಮಾಡ್ಬೇಡ, ನಾನು ಸಂಭಾಳಿಸ್ತೀನಿ."

ಸಮಾಧಾನ ಕೈ ಚಾಚಿದ. ಭಾವ ಒಂದು ಗಳಿಗೆ ಆ ಕೈಯನ್ನೇ ನೋಡಿ, ನಂಬರ್ ಒತ್ತಿ ಫೋನನ್ನು ಅದರಲ್ಲಿಟ್ಟ.

ಒಂದೇ ರಿಂಗಿಗೆ ಅವಳು ಎತ್ತಿದಳು. "ಅಣ್ಣ, ಹೊರಟ್ರಾ?" ಎಂದಳು. ಬಾಗಿಲ ಹತ್ತಿರವೇ ನಿಂತಿರಬೇಕು, ಬೀದಿಯ ಸದ್ದು ಕೇಳುತ್ತಿತ್ತು.

"ನಾನು," ಎಂದ ಅವನು.

"ರೀ. ಎಲ್ಲಿದ್ದೀರಿ? ಹೇಗಿದ್ದೀರಿ?"

ಅವನ ಬಾಯಿ ತೆರೆಯಿತು. ಅಷ್ಟು ವರ್ಷಗಳಿಂದ ಅಲ್ಲಿ ಸಿದ್ಧವಾಗಿಯೇ ಕೂತಿದ್ದ ಮಾತು ನಾಲಿಗೆಯವರೆಗೆ ಬಂತು. ಅವನು ಅದನ್ನು ನುಂಗಿದ.

"ನಂಗೆ ಹುಷಾರಿಲ್ಲ ಕಣೆ," ಎಂದ. "ಇವತ್ತು ಬರಲ್ಲ."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಬೀದಿಯ ಗಲಾಟೆ ನಿಂತಿತು. ಕುರ್ಚಿಯೊಂದನ್ನು ಎಳೆದುಕೊಂಡು ಅವಳು ಕೂತದ್ದು ಗೊತ್ತಾಯಿತು.

"ಹೇಳಿ," ಎಂದಳು. "ಕೇಳ್ತಾ ಇದ್ದೀನಿ."